ಮಳೆಯಷ್ಟೇ ಮುಟ್ಟಬಹುದಾದ ತಾತ್ಯಾಬಾ

ಮಳೆ ಜೋರಾಯಿತು. ಪ್ರಭಾಕರ ಕಣ್ಣು ಮುಚ್ಚಿ ನಿಂತ.

ಬಾಗಿಲು ಹಾಕಿದ್ದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಅವನು ಬಂದು ನಿಂತು ತಾಸು ಹೊತ್ತಾಗಿತ್ತು. ಬೇರೆ ದಿನವಾಗಿದ್ದರೆ ನಾಸಿಕದ ಈ ಚೌಕದಲ್ಲಿ ಪಕ್ಕದವರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಇಂದು, ಬುಧವಾರ, ಊರಿಗೆ ಊರೇ ಬಂದ್. ರಿಕ್ಷಾ ಇಲ್ಲ, ಬಸ್ಸಿಲ್ಲ, ಚಹಾದ ಗಾಡಿಗಳೂ ಇಲ್ಲ. ಮಳೆ ಏನು ಹೇಳುತ್ತದೆಯೋ ಅಷ್ಟೇ.

ಎದುರಿಗೆ ಕರಿಗಲ್ಲಿನ ಕಟ್ಟೆಯ ಮೇಲೆ ತಾತ್ಯಾಬಾ ನಿಂತಿದ್ದ. ಪ್ಲೇಗಿನ ವರ್ಷ ಜನವೆಲ್ಲ ಮನೆ ಬಿಟ್ಟು ಹೊಲ ಸೇರಿದಾಗ ಒಬ್ಬನೇ ಹಿಂದುಳಿದು, ಜಾತಿ ಕೇಳದೆ ಹೆಣ ಹೊತ್ತನೆಂದು ಊರು ಇಂದಿಗೂ ನೆನೆಯುವ ಮುದುಕ. ಬಲಗೈಯಲ್ಲಿ ಕಂದೀಲು; ಎಡಗೈ ಎದೆಮಟ್ಟಕ್ಕೆ ಎತ್ತಿ, ಅಂಜಬೇಡಿ ಎಂಬ ಅಭಯ. ಹತ್ತಡಿಯ ಕಂಚಿನ ಪುತ್ಥಳಿ ಎಂದು ಕಟ್ಟೆಯ ಫಲಕ ಹೇಳುತ್ತಿತ್ತು.

ಫಲಕ ಸುಳ್ಳು ಹೇಳುತ್ತಿದೆ ಎಂದು ಮಳೆ ಹೇಳುತ್ತಿತ್ತು.

ಪ್ರಭಾಕರ ಧಾರವಾಡದವನು. ಓಝರ್‌ನ ವಿಮಾನ ಕಾರ್ಖಾನೆಯ ಲೋಹ ಪರೀಕ್ಷೆಯ ವಿಭಾಗದಲ್ಲಿ ಹದಿನಾರು ವರ್ಷ ಸವೆಸಿದವನು. ಎರಕದ ತುಂಡನ್ನು ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ಒಳಗೆ ಬಿರುಕಿದೆಯೋ ಇಲ್ಲವೋ ಎಂದು ಯಂತ್ರಕ್ಕಿಂತ ಮೊದಲು ಹೇಳಿಬಿಡುವನು. ಚಿಕ್ಕಂದಿನಲ್ಲಿ ಶ್ರಾವಣವಿಡೀ ಅಪ್ಪ ಪುರಾಣ ಓದುವಾಗ ಕಂಬಕ್ಕೊರಗಿ ಕೂತು ಪಳಗಿದ ಕಿವಿ ಅದು. ಒಂದು ಮಾತ್ರೆ ತಪ್ಪಿದರೂ ನಿದ್ದೆಯಿಂದ ಎಚ್ಚರಾಗುತ್ತಿತ್ತು.

ಅವನು ಮೆಟ್ಟಿಲಿಳಿದು ರಸ್ತೆ ದಾಟಿ ನಗರಪಾಲಿಕೆಯ ತೋಟದ ಗೇಟಿಗೆ ಹೋದ. ಅಲ್ಲೊಂದು ಹಳೆಯ ಕಂಚಿನ ಮೂರ್ತಿ, ಎದೆಯವರೆಗಿನದು, ಹಿಂದಿನ ಕಾಲದ ಯಾವನೋ ಡಾಕ್ಟರನದು. ಅವನ ಬೋಳುತಲೆಯ ಮೇಲೆ ಇದೇ ಮಳೆ ಸಣ್ಣಗೆ ಣಣಣ ಎನ್ನುತ್ತಿತ್ತು; ಒಂದು ಹನಿಯ ನಾದ ಮುಗಿಯುವ ಮುನ್ನ ಇನ್ನೊಂದು. ಮತ್ತೆ ಚೌಕಕ್ಕೆ ಬಂದು, ಹಗ್ಗದ ಬೇಲಿಯ ತನಕ ಹೋಗಿ ಕಿವಿಗೊಟ್ಟ. ತಾತ್ಯಾಬಾನ ಹೆಗಲ ಮೇಲೆ ಮಳೆ ದಬದಬ ಎನ್ನುತ್ತಿತ್ತು. ಪ್ಲಾಸ್ಟಿಕ್ ಕೊಡ ಬೋರಲು ಹಾಕಿದರೆ ಬರುವ ಸದ್ದು.

ಫೈಬರ್‌ಗ್ಲಾಸು. ಮೇಲೆ ಕಂಚಿನ ಬಣ್ಣ.

ತಾಡಪತ್ರಿಯಡಿ ಕೂತಿದ್ದ ಪೊಲೀಸನೊಬ್ಬ ಕೋಲು ತೋರಿಸಿ, ದೂರ ಸರಿ ಕಾಕಾ ಎಂದು ಮರಾಠಿಯಲ್ಲಿ ಗದರಿದ. ಪ್ರಭಾಕರ ಸರಿದ.

ಹಾಗಾದರೆ ನಿಂಗಣ್ಣ ಹೇಳಿದ್ದು ನಿಜ.

ನಿಂಗಣ್ಣ ಸಿಂದಗಿ ಕಡೆಯ ಗೌಂಡಿ. ಈ ಕಟ್ಟೆ ಕಟ್ಟಿದವನೇ ಅವನು. ಹದಿನೈದು ದಿನದ ಹಿಂದೆ ಕ್ರೇನಿನಿಂದ ಪುತ್ಥಳಿ ಇಳಿಸಿದ ಸಂಜೆ ಅವನ ಹೆಂಡತಿ ಚನಬಸವ್ವ ತಾನಾಗಿಯೇ ಮೇಲೇರಿ ತಾತ್ಯಾಬಾನ ಎರಡೂ ಕಣ್ಣಿಗೆ ಜೇನುಮೇಣ ತುಂಬಿದ್ದಳು. ಅವರ ಊರಲ್ಲಿ ಹೊಸ ಮೂರ್ತಿಗೆ ಹಾಗೇ. ಪ್ರತಿಷ್ಠೆಯ ದಿನ ಐನೋರು ಬಂದು ಮೇಣ ತೆಗೆದು ಕಣ್ಣು ತೆರೆಸುವ ತನಕ ಅದರ ದೃಷ್ಟಿ ಹೊರಗೆ ಬೀಳಬಾರದು. ಇದು ದೇವರಲ್ಲ, ಪುತಳಾ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ; ಹೇಳಿದ್ದರೂ ಕೇಳುತ್ತಿರಲಿಲ್ಲವೇನೋ. ಆಮೇಲೆ ಬಿಳಿ ಬಟ್ಟೆ ಸುತ್ತಿದ್ದರಿಂದ ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಭಾನುವಾರ, ಅನಾವರಣದ ದಿನ, ಬಟ್ಟೆ ಸರಿದಾಗ ತಾತ್ಯಾಬಾ ಕಣ್ಣು ಬಿಟ್ಟುಕೊಂಡು ನಿಂತಿದ್ದ. ಮೇಣದ ಚೂರೂ ಇರಲಿಲ್ಲ. ಐನೋರು ಬಂದಿಲ್ಲ, ಮಂತ್ರ ಹೇಳಿಲ್ಲ, ಕಣ್ಣು ತೆರೆಸಿದವರು ಯಾರು? ನಿಂಗಣ್ಣ ಹಿಂದುಮುಂದು ನೋಡದೆ ಕಟ್ಟೆ ಹತ್ತಿ, ಮೂರ್ತಿಯ ಮುಖ ಸವರಿ ನೋಡಿ, ಇದು ಅದಲ್ಲ ಎಂದು ಕನ್ನಡದಲ್ಲಿ ಕೂಗಿದ. ನೆರೆದ ಐದು ಸಾವಿರ ಜನ ಕಂಡದ್ದು ಇಷ್ಟೇ: ಕರ್ನಾಟಕದ ಒಬ್ಬ ಕೂಲಿ, ಕಾಲಲ್ಲಿ ಕೆಸರು, ತಾತ್ಯಾಬಾನ ಮುಖಕ್ಕೆ ಕೈ ಹಾಕಿದ. ಪೊಲೀಸರು ಎಳೆದೊಯ್ಯದಿದ್ದರೆ ಅಂದೇ ಅವನ ಹೆಣ ಬೀಳುತ್ತಿತ್ತು. ಪುತ್ಥಳಿಗೆ ಅವಮಾನ ಮಾಡಿದ ಕೇಸಾಯಿತು; ಇಂದಿನ ಬಂದ್ ಕೂಡ ಅದಕ್ಕೇ. ಎಂಬತ್ತೆಂಟರ ಮಳೆಗಾಲವದು, ಗಡಿಯ ಜಗಳದ ಬಿಸಿ ಇನ್ನೂ ಆರಿರಲಿಲ್ಲ. ಜಾಮೀನಿಗೆ ನಿಲ್ಲಲು ಒಬ್ಬ ವಕೀಲನೂ ಒಪ್ಪಲಿಲ್ಲ.

ಕನ್ನಡ ಸಂಘದ ಗಣಪತಿಯ ಬೆಳ್ಳಿ ಕಿರೀಟ ಕಳುವಾದಾಗ ಪತ್ತೆ ಹಚ್ಚಿದ ಸಾಹೇಬರು ಓಝರ್‌ನಲ್ಲಿದ್ದಾರೆಂದು ಯಾರಿಂದಲೋ ಕೇಳಿ, ಚನಬಸವ್ವ ಸೋಮವಾರ ಅಷ್ಟು ದೂರ ನಡೆದು ಬಂದು ಪ್ರಭಾಕರನ ಬಾಗಿಲಲ್ಲಿ ಕೂತಿದ್ದಳು.

ಈಗ ಸಾಕ್ಷಿ ಸಿಕ್ಕಿತ್ತು. ಊರ ನಡುವೆ, ಹಾಡುಹಗಲಲ್ಲಿ, ಹತ್ತಡಿ ಎತ್ತರ ನಿಂತಿತ್ತು. ಉಗುರಿನಷ್ಟು ಬಣ್ಣ ಕೆರೆದರೆ ಸಾಕು. ಆದರೆ ಕೆರೆದ ಕೈಯನ್ನು ಊರು ಉಳಿಸುವುದಿಲ್ಲ. ಆ ಕೈ ಕನ್ನಡದವನದಾದರೆ ನಾಲೆಯ ದಂಡೆಯ ಕನ್ನಡ ಕೂಲಿಗಳ ಮೂವತ್ತು ಗುಡಿಸಲುಗಳನ್ನೂ ಉಳಿಸುವುದಿಲ್ಲ. ತಾತ್ಯಾಬಾನನ್ನು ಮುಟ್ಟಲು ಕಾಗೆಗೆ ಅಪ್ಪಣೆ ಉಂಟು, ಮಳೆಗೆ ಉಂಟು. ಪ್ರಭಾಕರನಿಗಿಲ್ಲ.

ಮುಟ್ಟುವ ಹಕ್ಕಿದ್ದ ಮನುಷ್ಯ ಒಬ್ಬನೇ. ಎರಕ ಹೊಯ್ದವನು.

*

ಶಿಲ್ಪಿ ಜಯಕರನ ಶೆಡ್ಡು ಸಾತಪುರದ ಕಡೆಗಿತ್ತು. ಬಂದ್ ಆದದ್ದರಿಂದ ಕೆಲಸಗಾರರು ಬಂದಿರಲಿಲ್ಲ. ಸವಾರನಿಲ್ಲದ ಮಣ್ಣಿನ ಕುದುರೆಯೊಂದಕ್ಕೆ ಅವನೇ ಒದ್ದೆ ಗೋಣಿ ಸುತ್ತುತ್ತಿದ್ದ. ಕಾರವಾರದವನು, ಮೂವತ್ತು ವರ್ಷದಿಂದ ಇಲ್ಲೇ ಇದ್ದು ಮರಾಠಿಯವನೇ ಆಗಿಬಿಟ್ಟಿದ್ದ. ಆದರೂ ಪ್ರಭಾಕರನನ್ನು ಕಂಡೊಡನೆ ಕನ್ನಡಕ್ಕೆ ತಿರುಗಿದ.

ಪ್ರಭಾಕರ ಮೇಣದ ಸಂಗತಿ ಹೇಳಿದ, ಮಳೆಯ ಸಂಗತಿ ಹೇಳಿದ. ಜಯಕರ ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡ. ಗೋಣಿಯ ಅಂಚು ಸಿಕ್ಕಿಸಿ, ಕೊನೆಗೆ ಒಂದೇ ಮಾತು ಕೇಳಿದ.

"ಬೇರೆ ಯಾರಿಗೆ ಹೇಳಿದಿರಿ?"

"ಯಾರಿಗೂ ಇಲ್ಲ. ಮನಿಯಾಗೂ ಹೇಳಿಲ್ಲ. ಮೊದಲ ನಿಮಗ ಹೇಳಬೇಕನಿಸ್ತು."

"ಒಳ್ಳೆಯದು ಮಾಡಿದಿರಿ."

ಪ್ರಭಾಕರ ತಾನು ಬಂದ ಉದ್ದೇಶ ಬಿಚ್ಚಿಟ್ಟ. ಪಾಲಿಶ್ ಬಾಕಿ ಇದೆ, ಏಣಿ ಹಾಕಬೇಕು ಎಂದು ಜಯಕರ ಒಂದು ಅರ್ಜಿ ಕೊಡಲಿ. ಮಾಡಿದವನಿಗೆ ಬೇಡ ಎನ್ನುವವರು ಯಾರು? ಅವನೇ ಹತ್ತಲಿ, ಅವನೇ ನೋಡಲಿ, ಅವನೇ ಬಂದು ಪೊಲೀಸರಿಗೆ ಹೇಳಲಿ.

ಜಯಕರ ಸದ್ದಿಲ್ಲದೆ ನಕ್ಕ. "ಏನಂತ ಹೇಳಲಿ ಪ್ರಭಾಕರರಾವ್? ನಾನು ಕೊಟ್ಟದ್ದು ಕಂಚು, ಈಗಿರುವುದು ಡಬ್ಬಾ ಅಂತಲೇ? ಕಂಚು ಎಲ್ಲಿ ಹೋಯಿತು ಅಂತ ಜನ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಈ ಜಯಕರ ಎಲ್ಲಿಯವನು ಅಂತ."

"ನೀವು ಕೊಟ್ಟದ್ದು ಕಂಚು. ಹೌದಲ್ಲ?"

ಜಯಕರ ಎರಡೂ ಅಂಗೈ ತೆರೆದು ಮುಂದೆ ಚಾಚಿದ. ಬೆರಳ ಸಂದಿಯಲ್ಲೆಲ್ಲ ಹಳೆಯ ಸುಟ್ಟ ಗಾಯ. "ಹನ್ನೊಂದು ತಿಂಗಳು ಅದರ ಮಗ್ಗುಲಲ್ಲೇ ಮಲಗಿದ್ದೇನೆ. ಬೇಕಾದರೆ ಎಣಿಸಿಕೊಳ್ಳಿ."

"ಹಂಗಾದ್ರ ಬಟ್ಟಿ ಸುತ್ತಿ ನಿಲ್ಲಿಸಿದ್ರಲ್ಲ, ಆ ದಿನಗಳಾಗ ಯಾರೋ ಬದಲಾಯಿಸ್ಯಾರ. ಆದ್ರ ಅದೇ ಮುಖ, ಅದೇ ಸುಕ್ಕು. ಅದೇ ಅಚ್ಚು ಇಲ್ಲದ ಅದು ಬರೂದಿಲ್ಲ. ಅಚ್ಚು ಎಲ್ಲಿ ಅದರಿ?"

"ಒಡೆದು ಹಾಕಿದೆ."

"ಯಾವಾಗ?"

ಹೊರಗೆ ಜೀಪಿನ ಹಾರ್ನ್ ಕೇಳಿತು. ಜಯಕರ ಕೈ ತೊಳೆಯಲು ಎದ್ದುಹೋದ.

ಬಾಗಿಲಲ್ಲಿ ಬಂದು ನಿಂತವನು ಇನ್ಸ್‌ಪೆಕ್ಟರ್ ಬೋರಸ್ತೆ. ನಿಂಗಣ್ಣನ ಕೇಸು ಅವನದೇ. ಸೆಷನ್ಸ್ ಕೋರ್ಟಿನಲ್ಲಿ ಬೇರೊಂದು ಕೇಸಿನ ಸಾಕ್ಷಿಗೆಂದು ಔರಂಗಾಬಾದಿಗೆ ಹೊರಟಿದ್ದ. ಆ ಊರಿನ ಉದ್ಯಾನದಲ್ಲಿ ಜಯಕರನ ಕಾರಂಜಿಯ ಕೆಲಸ ನಡೆದಿತ್ತು, ಜೀಪಿನಲ್ಲಿ ಒಂದು ಸೀಟು ಖಾಲಿ ಇತ್ತು. ಬಂದ್ ಇದ್ದರೂ ಹೋಗಲೇಬೇಕು, ಸಮನ್ಸಿಗೆ ಬಂದ್ ಗೊತ್ತಿಲ್ಲ ಎಂದು ಬೋರಸ್ತೆ ಬೇಸರದಿಂದ ಹೇಳಿದ. ಆಮೇಲೆ, ಕಿರೀಟದ ಪತ್ತೆಯ ದಿನಗಳಿಂದ ಪರಿಚಯವಿದ್ದ ಪ್ರಭಾಕರನತ್ತ ತಿರುಗಿ, "ಏನು ರಾವ್ ಸಾಹೇಬ, ವಿಮಾನ ಬಿಟ್ಟು ಪುತಳಾ ಹಿಡಿದಿರೋ?" ಎಂದು ಮರಾಠಿಯಲ್ಲಿ ಚುಡಾಯಿಸಿದ.

ಹೇಳಿಬಿಡಲೇ ಎಂದು ಪ್ರಭಾಕರ ಬಾಯಿ ತೆರೆದ. ಏನೆಂದು? ಮಳೆ ನನಗೆ ಹೇಳಿತು ಎಂದೇ?

ಜೀಪು ಹತ್ತುವ ಮೊದಲು ಜಯಕರ ಅವನ ಹತ್ತಿರ ಬಂದ.

"ಆ ಗೌಂಡಿಗೆ ಆರು ತಿಂಗಳಾಗುತ್ತದೆ. ಹೆಚ್ಚೆಂದರೆ ವರ್ಷ. ಹೊರಗೆ ಬರುತ್ತಾನೆ. ನೀವು ಬಾಯಿ ಬಿಟ್ಟರೆ ಬರುವುದಿಲ್ಲ."

*

ಮರುದಿನ ಬೆಳಿಗ್ಗೆ ಪ್ರಭಾಕರ ನಾಲೆಯ ದಂಡೆಗೆ ಹೋದ. ಹೆಂಡತಿ ನೀರಜಾ ಚೀಲದ ತುಂಬ ಜೋಳದ ಹಿಟ್ಟು ಕಟ್ಟಿಕೊಟ್ಟಿದ್ದಳು. ಭಾನುವಾರದಿಂದ ಈ ಸಾಲಿನವರನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ. ಗಂಡಸರು ಗುಡಿಸಲ ಮುಂದೆ ಸುಮ್ಮನೆ ಕೂತಿದ್ದರು. ಸೇತುವೆಯ ಮೇಲೆ ನಿಂತ ಒಂದಷ್ಟು ಹುಡುಗರು ಕೆಳಗೆ ನೋಡುತ್ತಿದ್ದರು, ಏನೂ ಮಾಡದೆ.

"ಇದು ಮೊದಲ ಆ ರಾಕ್ಷಸಿ ಮೂಗ ಕೊಯ್ದ ಊರಂತಲ್ರಿ," ಎಂದಳು ಪಕ್ಕದ ಗುಡಿಸಲ ಮುದುಕಿ ಯಮನವ್ವ. "ನಮ್ಮ ನಿಂಗ್ಯಾಂದು ಮೂಗ ಉಳೀತು ನೋಡ್ರಿ. ಹಲ್ಲ ಅಷ್ಟ ಹ್ವಾದು." ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಚನಬಸವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ದಿನಾ ಮಧ್ಯಾಹ್ನ ಲಾಕಪ್ಪಿಗೆ ರೊಟ್ಟಿ ಒಯ್ಯುವುದು, ಸಂಜೆಯ ತನಕ ಠಾಣೆಯ ಗೇಟಿನಲ್ಲಿ ಕೂತಿರುವುದು, ಅದೇ ಅವಳ ದಿನಚರಿಯಾಗಿತ್ತು. ಗುಡಿಸಲಿಗೆ ಬಾಗಿಲಿಲ್ಲ, ಗೋಣಿಯ ಪರದೆ. ಪ್ರಭಾಕರ ಚೀಲ ಇಳಿಸಿ ಒಲೆಯ ಬದಿಗೆ ಕೂತ. ನಿಂಗಣ್ಣ ಹೇಳಿದ್ದು ಖರೆ ಎಂದು ಹೇಳಿದ. ಅದನ್ನು ತೋರಿಸುವ ದಾರಿ ಇನ್ನೂ ಕಾಣುತ್ತಿಲ್ಲ ಎಂದೂ ಹೇಳಿದ.

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

"ಮೇಣ ಹಚ್ಚಿದ್ದ ನನ್ನ ತಪ್ಪೇನ್ರಿ ಸಾಹೇಬ್ರ?" ಎಂದಳು. "ನಾ ಹಚ್ಚದಿದ್ರ ಅಂವಗ ಗೊತ್ತ ಆಕ್ಕಿದ್ದಿಲ್ಲ. ಗೊತ್ತ ಆಗದಿದ್ರ ಏರತಿದ್ದಿಲ್ಲ."

ಪ್ರಭಾಕರ ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟ. ಅವಳು ಕೊಟ್ಟ ಕರಿಚಹಾ ಕುಡಿದು ಎದ್ದ.

ದಿನವಿಡೀ ಕಾರ್ಖಾನೆಯಲ್ಲಿ ಅವನ ಸುತ್ತಿಗೆ ತಟ್ಟಿದ್ದೇ ಬಂತು, ಕಿವಿ ಕೇಳಲಿಲ್ಲ. ಕಡೆಗೆ ಊಟದ ಬಿಡುವಿನಲ್ಲಿ ಒಂದು ಅರ್ಜಿ ಬರೆದ: ಪುತ್ಥಳಿಯ ಲೋಹವನ್ನು ಸರ್ಕಾರಿ ಪ್ರಯೋಗಾಲಯದವರಿಂದ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಕಾರಣ ಹೀಗೆ ಹೀಗೆ. ಶಿಫ್ಟು ಮುಗಿದೊಡನೆ ಸ್ಕೂಟರ್ ಹತ್ತಿ ಸಂಜೆ ಐದಕ್ಕೆ ಠಾಣೆ ತಲುಪಿದ. ಸಾಹೇಬರು ಔರಂಗಾಬಾದಿನಿಂದ ಬಂದವರೇ ನೇರವಾಗಿ ನಾಲೆಯ ಕಡೆ ಹೋದರು ಎಂದ ಬಾಗಿಲ ಪೊಲೀಸ.

*

ನಾಲೆಯ ದಂಡೆಯಲ್ಲಿ ಜೀಪು ನಿಂತಿತ್ತು. ಸೇತುವೆ ಈಗ ಜನದಿಂದ ಕಪ್ಪಾಗಿತ್ತು.

ಚನಬಸವ್ವನ ಗುಡಿಸಲ ಮುಂದೆ ಗೋಣಿ ಹಾಸಿ, ಅದರ ಮೇಲೊಂದು ಕೈ ಇಟ್ಟಿದ್ದರು. ಮುಂಗೈವರೆಗಿನ ಕಂಚಿನ ಎಡಗೈ, ಮೈತುಂಬ ಒದ್ದೆ ಮಣ್ಣು. ಒಲೆಯ ಹಿಂದೆ ಅಗೆದಾಗ ಸಿಕ್ಕಿತ್ತು. ಅಗೆದು ನೋಡಿ ಎಂದು ಮಧ್ಯಾಹ್ನ ಯಾರೋ ಹೆಸರು ಹೇಳದೆ ಠಾಣೆಗೆ ಫೋನು ಮಾಡಿದ್ದರಂತೆ. ಪಂಚರಿಬ್ಬರು ಆಗಲೇ ಪಂಚನಾಮೆಗೆ ಸಹಿ ಹಾಕುತ್ತಿದ್ದರು. ನಿಂಗಣ್ಣನನ್ನು ತಂದು ನಿಲ್ಲಿಸಿದ್ದರು. ಬೇಡಿಯ ಒಂದು ಬಳೆ ಅವನ ಮಣಿಕಟ್ಟಿನಲ್ಲಿ, ಇನ್ನೊಂದು ಪೊಲೀಸನ ಮುಷ್ಟಿಯಲ್ಲಿ. ಚನಬಸವ್ವ ಯಮನವ್ವನ ಎದೆಗೆ ಮುಖವಿಟ್ಟಿದ್ದಳು.

ಜಯಕರ ಆ ಕೈಯನ್ನು ಬಗ್ಗಿ ನೋಡಿ, ಇದು ನನ್ನದೇ ಎರಕ, ತಾತ್ಯಾಬಾನದೇ ಕೈ ಎಂದು ಹೇಳಿ ಮುಖ ತಿರುಗಿಸಿ ನಿಂತಿದ್ದ.

"ಬನ್ನಿ ರಾವ್ ಸಾಹೇಬ," ಎಂದ ಬೋರಸ್ತೆ. "ನಿಮ್ಮ ನಿಂಗಣ್ಣ ಸುಳ್ಳು ಹೇಳಿರಲಿಲ್ಲ. ಚೌಕದಲ್ಲಿರುವುದು ನಕಲಿ. ಅಸಲಿಯನ್ನು ಕತ್ತರಿಸಿ ಮಾರಿದವನಿಗಲ್ಲದೆ ಅದು ಇನ್ಯಾರಿಗೆ ಅಷ್ಟು ಬೇಗ ತಿಳಿದೀತು?"

ಪ್ರಭಾಕರನ ಕಿಸೆಯಲ್ಲಿ ಅರ್ಜಿ ಹಾಗೇ ಇತ್ತು. ಯಾವ ಮಾತನ್ನು ಊರಿಗೆ ಒಪ್ಪಿಸಲು ಅವನು ಒದ್ದಾಡಿದ್ದನೋ ಅದನ್ನು ಊರು ಒಪ್ಪಿತ್ತು. ನಿಂಗಣ್ಣನ ಕೊರಳಿಗೇ ಸುತ್ತಿ ಒಪ್ಪಿತ್ತು.

ಅವನು ಗೋಣಿಯ ಬಳಿ ಕುಕ್ಕರಗಾಲಲ್ಲಿ ಕೂತ. ಮುಟ್ಟಲಿಲ್ಲ. ಕೊಯ್ದ ಜಾಗಕ್ಕೆ ಕಣ್ಣು ಹಾಯಿಸಿದ. ಹೊಸ ತಂಬಿಗೆಯ ಅಂಚಿನ ಹಾಗೆ ಅದು ಕೆಂಪುಹಳದಿಯಾಗಿ ಹೊಳೆಯುತ್ತಿತ್ತು.

"ಸಾಹೇಬ್ರ, ಇಲ್ಲಿ ನೋಡ್ರಿ," ಎಂದು ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದ. ಕಂಚು ಕೊಯ್ದಾಗ ಹೀಗೆ ಹೊಳೆಯುತ್ತದೆ. ಇಂಥ ಮಳೆಗಾಲದಲ್ಲಿ, ಒದ್ದೆ ಮಣ್ಣಿನಲ್ಲಿ ಹೂತರೆ, ಒಂದೇ ದಿನಕ್ಕೆ ಕಂದಿ ಹೋಗುತ್ತದೆ. ಇದನ್ನು ಇವತ್ತು ಕೊಯ್ದಿದ್ದಾರೆ. ನಿಂಗಣ್ಣ ಭಾನುವಾರದಿಂದ ನಿಮ್ಮ ಲಾಕಪ್ಪಿನಲ್ಲಿದ್ದಾನೆ. ಚನಬಸವ್ವ ಮಧ್ಯಾಹ್ನದಿಂದ ನಿಮ್ಮದೇ ಗೇಟಿನಲ್ಲಿ ಕೂತಿದ್ದಳು. ಚೌಕದಲ್ಲಿರುವುದು ನಕಲಿ ಎಂದು ಮಳೆಯ ಸದ್ದಿನಿಂದ ನಾನು ನಿನ್ನೆಯೇ ಕಂಡುಹಿಡಿದಿದ್ದೆ.

ಬೋರಸ್ತೆ ಮೂರ್ಖನಲ್ಲ. ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಪ್ರಭಾಕರನ ಎದೆ ನಾಲ್ಕು ದಿನದಲ್ಲಿ ಮೊದಲ ಸಲ ಹಗುರಾಯಿತು.

"ಸರಿ," ಎಂದ ಬೋರಸ್ತೆ. "ಇವತ್ತೇ ಕೊಯ್ದು ಇಲ್ಲಿ ಹೂಳುವ ಅವಸರ ಯಾಕೆ ಬಂತು? ನಕಲಿ ಎಂದು ನೀವು ಕಂಡುಹಿಡಿದದ್ದು ಗೊತ್ತಾಗಿ ಬಂತು. ನಿನ್ನೆ ನೀವು ಯಾರಿಗೆ ಹೇಳಿದ್ದಿರಿ?"

"ಜಯಕರ ಅವರಿಗೆ."

"ಇನ್ಯಾರಿಗೆ?"

"ಇನ್ಯಾರಿಗೂ ಇಲ್ಲ."

"ಜಯಕರ ನಿನ್ನೆ ಮಧ್ಯಾಹ್ನದಿಂದ ಈ ಕ್ಷಣದ ತನಕ ನನ್ನ ಜೊತೆಗಿದ್ದಾರೆ. ಔರಂಗಾಬಾದಿನಲ್ಲಿ ಒಂದೇ ಲಾಡ್ಜು, ಒಂದೇ ಕೋಣೆ. ಉದ್ಯಾನಕ್ಕೂ ನಾನೇ ಕರೆದೊಯ್ದೆ."

ಫೋನಿನಲ್ಲಿ ಯಾರಿಗಾದರೂ ಹೇಳಿರಬಹುದಲ್ಲ ಎಂದ ಪ್ರಭಾಕರ.

"ಹೇಳಿರಬಹುದು. ತೋರಿಸಿ." ಬೋರಸ್ತೆಯ ದನಿ ಏರಲಿಲ್ಲ. "ನಿನ್ನೆ ಒಂದು ತಾಸಿಗೂ ಮೇಲೆ ಪುತಳಾದ ಸುತ್ತ ಸುಳಿದವರು ನೀವು, ನನ್ನ ಹುಡುಗ ಡೈರಿಯಲ್ಲಿ ಬರೆದಿದ್ದಾನೆ. ಇವತ್ತು ಬೆಳಿಗ್ಗೆ ಚೀಲ ಹೊತ್ತು ಈ ಒಲೆಯ ಪಕ್ಕ ಕೂತವರು ನೀವು. ಇಡೀ ಸಾಲು ನೋಡಿದೆ. ನಿಮ್ಮ ಕಾರ್ಖಾನೆಯಲ್ಲಿ ಲೋಹ ಕೊಯ್ಯುವ ಗರಗಸ ಎಷ್ಟಿವೆ?"

ಪ್ರಭಾಕರ ಜಯಕರನತ್ತ ನೋಡಿದ. ಜಯಕರ ಸೇತುವೆಯ ಮೇಲಿನ ಜನವನ್ನು ನೋಡುತ್ತಿದ್ದ.

ಬೋರಸ್ತೆ ಪೆನ್ನು ತೆಗೆದ. "ನಿಮ್ಮ ಬಾಯಿಂದ ಬಂದ ಮಾತು. ಇವತ್ತು ಕೊಯ್ದದ್ದು ಅಂತ ಪಂಚನಾಮೆಯಲ್ಲಿ ಬರೆಯಲೋ, ಬೇಡವೋ? ಬರೆದರೆ ಇವನ ಮೇಲಿನ ಕಳವಿನ ಕೇಸು ನಿಲ್ಲುವುದಿಲ್ಲ. ಆದರೆ ನಿಮ್ಮನ್ನು ನಾನು ಮನೆಗೆ ಕಳಿಸಲಾರೆ. ಮೇಲೆ ನೋಡಿ, ಎಷ್ಟು ಜನ ಇದ್ದಾರೆ. ಯಾರನ್ನಾದರೂ ಒಯ್ಯದೆ ಹೋದರೆ ಕತ್ತಲಾಗುವುದರೊಳಗೆ ಈ ಸಾಲು ಇರುವುದಿಲ್ಲ. ನನ್ನ ಹತ್ತಿರ ಇರುವುದು ಆರು ಲಾಠಿ."

ನಿಂಗಣ್ಣನಿಗೆ ಇಷ್ಟು ವರ್ಷಗಳಲ್ಲಿ ಮರಾಠಿ ಬಂದಿತ್ತು. ಊದಿದ ತುಟಿಯನ್ನು ಕಷ್ಟಪಟ್ಟು ಅಲುಗಿಸಿದ.

"ಬರಸಬ್ಯಾಡ್ರಿ. ನಮ್ಮ ಕಡೆ ಮಾತಾಡವ್ರ ನೀವೊಬ್ಬರ ಹೊರಗ ಇದ್ದೀರಿ. ನೀವೂ ಒಳಗ ಬಂದ್ರ ಇಕಿನ್ನ ಯಾರ ನೋಡ್ತಾರ?"

ಬರೆಸದಿದ್ದರೆ ಆ ಹೊಳಪು ನಾಳೆಗೆ ಮಾಸುತ್ತದೆ, ನಾಡಿದ್ದಿಗೆ ಕಪ್ಪಾಗುತ್ತದೆ. ಅರಗಿನ ಮುದ್ರೆ ಒತ್ತಿದ ಚೀಲ ಕೋರ್ಟಿನಲ್ಲಿ ಬಿಚ್ಚುವ ಹೊತ್ತಿಗೆ ಅದನ್ನು ಕಂಡಿದ್ದೆ ಎನ್ನುವವನು ಒಬ್ಬನೂ ಇರುವುದಿಲ್ಲ. ಪ್ರಭಾಕರನಿಗೆ ಮನೆಯ ಬಾಗಿಲು ನೆನಪಾಯಿತು. ಸೋಮವಾರ ಅಲ್ಲಿ ಕೂತವಳಿಗೆ ನೀರಜಾ ನೀರು ಕೊಟ್ಟಿದ್ದಳು.

"ಬರೀರಿ," ಎಂದ.

ಬೋರಸ್ತೆ ಎರಡು ಸಾಲು ಬರೆದು, ಹೊಸದಾಗಿ ಮೂವರ ಸಹಿ ತೆಗೆದುಕೊಂಡ. ಆಮೇಲೆ ಪೊಲೀಸನಿಗೆ ಕಣ್ಣಲ್ಲೇ ಸನ್ನೆ ಮಾಡಿದ. ನಿಂಗಣ್ಣನ ಬೇಡಿ ಬಿಚ್ಚುತ್ತಾರೆಂದು ಪ್ರಭಾಕರ ಕಾದ. ಪೊಲೀಸ ತನ್ನ ಮುಷ್ಟಿಯಲ್ಲಿದ್ದ ಬಳೆಯನ್ನು ತೆರೆದು ಪ್ರಭಾಕರನ ಮಣಿಕಟ್ಟಿಗೆ ಹಾಕಿ ಒತ್ತಿದ.

"ಅಂವನ್ನ ಬಿಡ್ತೀನಿ ಅಂದ್ರೆಲ್ಲರಿ."

"ಕಳವಿನ ಕೇಸು ನಿಲ್ಲುವುದಿಲ್ಲ ಎಂದೆ. ಭಾನುವಾರದ ಕೇಸು ನಿಂತೇ ಇದೆಯಲ್ಲ," ಎಂದ ಬೋರಸ್ತೆ, ಅವನ ಮುಖ ನೋಡದೆ. "ಬೇಡಿ ನನ್ನ ಹತ್ತಿರ ಒಂದೇ ಜೊತೆ."

ಸೇತುವೆಯಿಂದ ಒಂದು ಕೂಗು ಎದ್ದಿತು. ಇಬ್ಬರನ್ನೂ ಜೀಪಿನ ಹಿಂದೆ ಹತ್ತಿಸಿದರು. ಮುಂದೆ ಡ್ರೈವರು, ಬೋರಸ್ತೆ, ಅವನ ಪಕ್ಕದಲ್ಲಿ ಜಯಕರ. ಗುಂಪು ಸೀಳಿಕೊಂಡು ಜೀಪು ಏರಿ ಹತ್ತುವಾಗ ನಿಂಗಣ್ಣ ಪ್ರಭಾಕರನ ಕಿವಿಯ ಹತ್ತಿರ ಬಾಯಿ ತಂದ.

"ಸಾಹೇಬ್ರ, ಆ ಕೈ ತಾತ್ಯಾಬಾಂದಲ್ರಿ."

"ಏನಂದಿ?"

"ಕ್ರೇನಿಲೆ ಇಳಸುಮುಂದ ನಾ ಅವನ ಎಡಗೈ ಹಿಡಕೊಂಡ ನಿಂತಿದ್ನಿ. ಅಂಗೈ ನಡುವ ಒಂದ ಕುಳಿ ಇತ್ತು, ಎರಕದಾಗ ಬಿದ್ದದ್ದು. ನನ್ನ ಹೆಬ್ಬೆಟ್ಟ ಅದರಾಗ ಸರಿಯಾಗಿ ಕುಂತಿತ್ತು. ಇದರ ಅಂಗೈ ನುಣ್ಣಗ ಐತಿ. ಇದು ಬ್ಯಾರೆ ಯಾವದೋ ಮೂರ್ತಿ ಕೈ."

ಮುಂದಿನ ಸೀಟಿನಲ್ಲಿ ಕನ್ನಡ ಬಲ್ಲವನು ಒಬ್ಬನೇ, ಅದು ತಾತ್ಯಾಬಾನದೇ ಕೈ ಎಂದಿದ್ದವನು. ಅವನು ತಿರುಗಲಿಲ್ಲ, ಆದರೆ ಕಿಟಕಿಯ ಸರಳು ಹಿಡಿದಿದ್ದ ಅವನ ಬೆರಳುಗಳು ಬಿಗಿಯಾದವು.

ಪಂಚರ ಎದುರಿಗೆ, ಇಷ್ಟು ಜನರ ಮುಂದೆ ಅದನ್ನು ಯಾಕೆ ಹೇಳಲಿಲ್ಲ ಎಂದು ಪ್ರಭಾಕರ ಕೇಳಿದ.

"ನನ್ನ ಯಾರ ಕೇಳಿದ್ರಿ?" ಎಂದ ನಿಂಗಣ್ಣ.